ನಮ್ಮೂರ ಹೆಸರಿನ ಹತ್ತು ಡಾಲರ್

ಒಂದು ಕಾಲಕ್ಕೆ ಅಮೆರಿಕದ ನೆಬ್ರಾಸ್ಕಾ ರಾಜ್ಯದ ಪುಟ್ಟ ಊರಿನ ಬ್ಯಾಂಕುಗಳೂ ತಮ್ಮೂರ ಹೆಸರಿನ ನೋಟು ಹೊರಡಿಸುತ್ತಿದ್ದವು. ನಮ್ಮೂರು ಕ್ಲೋವರ್ ಬೆಂಡಿನ ನೋಟಿಗೆ ಸಹಿ ಹಾಕುತ್ತಿದ್ದ ಕ್ಯಾಷಿಯರ್ ನನ್ನಜ್ಜ ಆಗಸ್ಟ್ ಟೇಸರ್. ಬ್ಯಾಂಕು ಮುಳುಗಿತು, ಬೆನ್ನಿಗೇ ಊರೂ ಅಳಿಯಿತು. ಉಳಿದಿರುವುದು ಒಂದೇ ಒಂದು ನೋಟು, ಹತ್ತು ಡಾಲರಿನದು. ಅದು ಲಿಂಕನ್ ನಗರದಲ್ಲಿ ಹರಾಜಿಗೆ ಬರುತ್ತದೆಂದು ತಿಳಿದಾಗಿನಿಂದ ನನಗೆ ಊಟ ಸೇರಲಿಲ್ಲ.

ನೋಟು ಕೂಡಿಡುವ ನಮ್ಮವರಲ್ಲಿ ಒಂದು ಮರ್ಯಾದೆಯಿದೆ. ಒಬ್ಬರ ಹುಟ್ಟೂರಿನ ನೋಟು ಹರಾಜಿಗೆ ಬಂದರೆ ಮಿಕ್ಕವರು ಕೈ ಎತ್ತುವುದಿಲ್ಲ. ಆದರೆ ಫೋನಿನಲ್ಲೇ ಬೆಲೆ ಕೂಗುವ ಪರಸ್ಥಳದವರಿಗೆ ಎಲ್ಲಿಯ ಮರ್ಯಾದೆ? ಅದಕ್ಕೇ ನನ್ನಂತೆಯೇ ನೋಟು ಕೂಡಿಡುವ ಹಳೆಯ ಸ್ನೇಹಿತ ಡೆಲ್ಮರನನ್ನು ಮನೆಗೆ ಕರೆದು ಸಲಹೆ ಕೇಳಿದೆ. ಗಂಡ ತೀರಿಕೊಂಡ ಮೇಲೆ ಅವನಷ್ಟು ನಾನು ಯಾರನ್ನೂ ನಂಬಿರಲಿಲ್ಲ.

"ಎಲ್ಲೀವರೆಗೆ ಹೋಗ್ತೀಯೇ ಲಿಡಿ?"

"ಒಂಬತ್ತು ಸಾವಿರ. ಅದರ ಮೇಲೆ ಬಿಡಿಗಾಸೂ ಇಲ್ಲ ಕಣೋ. ಯಾರ ಹತ್ರಾನೂ ಬಾಯಿ ಬಿಡಬೇಡ."

"ಬಾಯಿ ತುಂಬ ನೀನು ಮಾಡಿದ ಕೊಲಾಚೆ ಇದೆ, ಹೇಗೆ ಬಿಡ್ಲಿ?" ಎಂದು ಇನ್ನೊಂದು ಬನ್ನು ತೆಗೆದುಕೊಂಡ.

ಹರಾಜಿನ ದಿನ ಸಭಾಂಗಣದಲ್ಲಿ ಒಬ್ಬರೂ ಕೈ ಎತ್ತಲಿಲ್ಲ. ನಾಲ್ಕು ಸಾವಿರಕ್ಕೆ ನಾನು ಎತ್ತಿದೆ. ಫೋನಿನವರ ಪರವಾಗಿ ಬೆಲೆ ಕೂಗಲು ಕೂತಿದ್ದ ಹರಾಜು ಕಂಪನಿಯ ಹುಡುಗಿ ಒಂದೇ ಉಸಿರಿಗೆ, "ಒಂಬತ್ತೂವರೆ ಸಾವಿರ" ಎಂದಳು.

ನಾಲ್ಕರಿಂದ ಒಂಬತ್ತೂವರೆಗೆ ಯಾವ ಹುಚ್ಚನೂ ಹಾರುವುದಿಲ್ಲ. ನನ್ನ ಮಿತಿ ಗೊತ್ತಿದ್ದವನು ಮಾತ್ರ ಹಾರುತ್ತಾನೆ. ಪಕ್ಕದಲ್ಲಿದ್ದ ಡೆಲ್ಮರನ ಕಡೆ ತಿರುಗಿದೆ. ಅವನು ಪ್ಯಾಂಟಿನ ಮೇಲಿಲ್ಲದ ಧೂಳು ಕೊಡವುತ್ತಿದ್ದ.

"ಫೋನಲ್ಲಿ ಯಾರೋ?"

"ನನ್ನ ತಮ್ಮ." ತಲೆ ಎತ್ತಲಿಲ್ಲ. "ನಮ್ಮ ಕೌಂಟಿಯ ಎಲ್ಲಾ ಊರಿನ ನೋಟೂ ನನ್ನ ಹತ್ರ ಇದೆ ಲಿಡಿ. ಇದೊಂದೇ ಕೊರತೆ."

"ನನ್ನ ಕೇಳಬಹುದಿತ್ತಲ್ಲೋ!"

"ಕೇಳಿದ್ರೆ ಬಿಟ್ಟುಕೊಡ್ತಿದ್ಯಾ?"

ಬಿಡುತ್ತಿರಲಿಲ್ಲ, ನಿಜ. ಆದರೆ ಆಗುವುದಿಲ್ಲವೆಂದು ಅವನ ಮುಖಕ್ಕೇ ಹೇಳುತ್ತಿದ್ದೆ, ಹೀಗೆ ಬೆನ್ನ ಹಿಂದೆ ಆಟ ಆಡುತ್ತಿರಲಿಲ್ಲ. ಹರಾಜುಗಾರ ನನಗಾಗಿ ತುಸು ಹೊತ್ತು ಕಾದು, ಸುತ್ತಿಗೆ ಬಡಿದ.

ಡೆಲ್ಮರ್ ಹೋಗಿ ಹಣ ಕಟ್ಟಿ ನೋಟಿನೊಂದಿಗೆ ಬಂದ. ಕಂಡವರೆಲ್ಲ ಸುತ್ತುವರಿದರು.

"ಲಿಡಿಗೋಸ್ಕರ ಕೊಂಡ್ಯಾ? ಸ್ನೇಹಿತ ಅಂದ್ರೆ ನೀನಪ್ಪಾ!" ಎಂದು ಮುದುಕನೊಬ್ಬ ಅವನ ಬೆನ್ನು ತಟ್ಟಿದ. ಬೇರೆ ರೀತಿ ಯೋಚಿಸಲು ಅವರಿಗೆ ಬರುವುದೇ ಇಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ಡೆಲ್ಮರ್ ಅಲ್ಲವೆನ್ನಲಿಲ್ಲ. ನನ್ನ ಕಿವಿಯ ಹತ್ತಿರ ಬಾಗಿದ.

"ಸ್ವಲ್ಪ ನಗೇ, ಎಲ್ರೂ ನೋಡ್ತಿದ್ದಾರೆ."

"ನೋಡ್ಲಿ ಬಿಡು," ಎಂದೆ, ಹಿಂದಿನ ಸಾಲಿಗೂ ಕೇಳುವಂತೆ. "ನೀನೇ ಹೇಳು ಡೆಲ್ಮರ್, ಯಾರಿಗೆ ಕೊಂಡೆ?"

ಚಪ್ಪಾಳೆ ನಿಂತಿತು.