ನಾಳೆ ಬನ್ನಿ

ಮುದುಕನಿಗೆ ಮರೆವು, ಇಲ್ಲದ್ದೆಲ್ಲ ಸೇರಿಸುತ್ತಾನೆ ಎಂದು ನಗುವವರು ಈಗಲೇ ಕಿವಿ ಮುಚ್ಚಿಕೊಳ್ಳಿ. ಬೆಳಿಗ್ಗೆ ಮಾತ್ರೆ ನುಂಗಿದೆನೋ ಇಲ್ಲವೋ ಮರೆತೇನು, ಈ ದರ್ಜಿಯ ಕಥೆ ಮರೆಯುವಂಥದ್ದಲ್ಲ. ಅವನ ಹೆಂಡತಿಯೇ ನನ್ನೆದುರು ಕೂತು ಹೇಳಿದ್ದು, ಅದೂ ಮೂರು ಸಲ.

ದರ್ಜಿಯ ಕೈ ಒಳ್ಳೆಯದು, ಬಾಯಿ ಮಾತ್ರ ಸುಳ್ಳು. ಯಾರು ಬಟ್ಟೆ ಕೇಳಿದರೂ "ನಾಳೆ ಬನ್ನಿ". ಬೀದಿಯವರು ಅವನಿಗೆ ನಾಳೆ ಎಂದೇ ಹೆಸರಿಟ್ಟಿದ್ದರು. "ನಾಳೆ ಇದಾನಾ ಅಕ್ಕಾ?" ಎಂದರೆ ಹೆಂಡತಿಯೂ ಬಿಡುತ್ತಿರಲಿಲ್ಲ. "ಇವತ್ತಂತೂ ಇದಾರೆ, ಬನ್ನಿ."

ಅವನ ಬಿ.ಪಿ. ಮಾತ್ರೆ ತೀರಿ ಹತ್ತು ದಿನವಾಗಿತ್ತು. ತಂದುಕೊಳ್ಳಿ ಎಂದು ಹೆಂಡತಿ ಹೇಳಿದರೆ ಅದಕ್ಕೂ ನಾಳೆ. ಒಂದು ಸಂಜೆ ಅವನ ಬಲಗೈಯಿಂದ ಸೀಮೆಸುಣ್ಣ ಜಾರಿತು, ಬಾಯಿ ಸೊಟ್ಟಗಾಯಿತು. ಕಾಲು ಗಂಟೆಯಲ್ಲಿ ಎಲ್ಲ ಸರಿಹೋಯಿತು.

"ರೀ, ಡಾಕ್ಟರ ಹತ್ರ ಹೋಗೋಣ ನಡೀರಿ."

"ಕೈ ಜೋಮು ಹಿಡಿದಿತ್ತು ಕಣೇ. ಕೋಟು ಕತ್ತರಿಸೋದಿದೆ. ನಾಳೆ ಹೋದ್ರಾಯ್ತು."

ಮರುದಿನ ಬೆಳಿಗ್ಗೆ ಅವಳು ಹಿಂದಿನ ಕೋಣೆಯಲ್ಲಿ ಕಾಜ ಹೊಲಿಯುತ್ತ ಕೂತಿದ್ದಳು. ಕಾಜ ಎಂದರೆ ಗುಂಡಿ ತೂರುವ ಕಂಡಿ, ಅವಳ ಪಾಲಿನ ಕೆಲಸ. ಅಂಗಡಿಯಿಂದ ಗಂಡನ ದನಿ ಬಂತು: "ನಾಳೆ... ನಾಳೆ..." ಯಾರೋ ಹಟಮಾರಿ ಗಿರಾಕಿ ಎಂದುಕೊಂಡಳು. ಎದ್ದು ಹೋದರೆ ಬೈಗುಳದಲ್ಲಿ ತನಗೂ ಪಾಲು. ದಾರ ಕಚ್ಚಿ ತುಂಡರಿಸಿ ಇನ್ನೊಂದು ಅಂಗಿ ಎತ್ತಿಕೊಂಡಳು. ಸ್ವಲ್ಪ ಹೊತ್ತಿಗೆ ದನಿ ನಿಂತಿತು. ಸದ್ಯ, ತೊಲಗಿದ ಎಂದು ನಿರಾಳವಾದಳು. ಗಿರಾಕಿಯ ದನಿ ಕೇಳಲೇ ಇಲ್ಲವಲ್ಲ ಎಂದು ಹೊಳೆದದ್ದು ಆಮೇಲೆ.

ಊಟಕ್ಕೆ ಕರೆಯಲು ಬಂದರೆ ಕತ್ತರಿಸುವ ಮೇಜಿನ ಹಿಂದೆ ಬಿದ್ದಿದ್ದ. ನಡುವೆ ಇಬ್ಬರು ಗಿರಾಕಿಗಳು ಬಂದು ಇಣುಕಿದ್ದರಂತೆ. ನಾಳೆ ಇವತ್ತೂ ಅಡಗಿಕೊಂಡಿದ್ದಾನೆ ಎಂದು ನಗುತ್ತ ಹೋಗಿದ್ದರು.

"ಯಾವಾಗ ಆಯ್ತಮ್ಮ ಇದು?" ಎಂದರು ಆಸ್ಪತ್ರೆಯಲ್ಲಿ ಡಾಕ್ಟರು.

"ಒಂಬತ್ತಕ್ಕೆ ದನಿ ಕೇಳಿತ್ತು. ನಿನ್ನೆ ಸಂಜೆ ಕೈಯಿಂದ ಸೀಮೆಸುಣ್ಣ ಜಾರಿ ಬಾಯಿ ಸೊಟ್ಟಗಾಗಿತ್ತು, ಆಮೇಲೆ ಸರಿಹೋಯ್ತು."

ಗಡಿಯಾರದಲ್ಲಿ ಮೂರು ಹೊಡೆದಿತ್ತು. "ಮಿದುಳಿನ ಎಡಗಡೆ ರಕ್ತನಾಳ ಕಟ್ಟಿಕೊಂಡಿದೆ. ಅದಕ್ಕೇ ಬಲಗೈ, ಬಲಗಾಲು, ಮಾತು ಮೂರೂ ಬಿದ್ದುಹೋಗಿವೆ. ಹೆಪ್ಪು ಕರಗಿಸೋ ಇಂಜೆಕ್ಷನ್ ನಾಲ್ಕೂವರೆ ಗಂಟೆ ಒಳಗೆ ಕೊಡಬೇಕಿತ್ತು. ನಿನ್ನೆ ಆಗಿದ್ದೇ ಮುನ್ಸೂಚನೆ."

ನಾಲ್ಕೂವರೆ ಗಂಟೆ ಎಂದರೆ ಎಷ್ಟು ಕಾಜ ಎಂದು ಅವಳ ತಲೆ ತಾನಾಗಿಯೇ ಲೆಕ್ಕ ಹಾಕಿತು.

ಅವನಿಗೆ ಉಳಿದದ್ದು ಒಂದೇ ಮಾತು. ನೀರು ಬೇಕಾದರೂ ನಾಳೆ, ನೋವಾದರೂ ನಾಳೆ. ತಲೆಯಾಡಿಸು ಎಂದರೆ ಹೌದಿಗೂ ಇಲ್ಲಕ್ಕೂ ಒಂದೇ ಥರ ಆಡಿಸುತ್ತಿದ್ದ.

ವ್ಯಾಯಾಮ ಮಾಡಿಸಲು ಫಿಸಿಯೋ ಮೇಡಂ ಬರುತ್ತಿದ್ದರು. ಅಂಗಡಿಯ ಗುಂಡಿ ಡಬ್ಬಿಯನ್ನೇ ತಟ್ಟೆಗೆ ಸುರಿದು, ಎಡಗೈ ನೆರವಿಗೆ ಬಾರದಂತೆ ಅದಕ್ಕೆ ಟವೆಲ್ ಸುತ್ತಿ ಕೂರಿಸಿ, ಬಲಗೈಯಲ್ಲಿ ಹೆಕ್ಕಲು ಹೇಳುತ್ತಿದ್ದರು.

"ಮಿದುಳಿಗೆ ಹೊಸದಾಗಿ ಪಾಠ ಹೇಳ್ಕೊಡ್ಬೇಕು ಯಜಮಾನ್ರೇ. ಒಂದು ಗುಂಡಿ ಯಾವಾಗ ಎತ್ತೀರಿ?"

"ನಾಳೆ."

ಮೇಡಂ ನಕ್ಕರು. ಹೆಂಡತಿ ಎದ್ದು ಒಳಗೆ ಹೋದಳು.

ಆರು ತಿಂಗಳಾದರೂ ಒಂದು ಗುಂಡಿಯೂ ತಟ್ಟೆ ಬಿಟ್ಟು ಏಳಲಿಲ್ಲ. ಕೋಲು ಹಿಡಿದು, ಕಾಲೆಳೆದುಕೊಂಡು ಬಚ್ಚಲಿನವರೆಗೆ ಹೋಗುತ್ತಿದ್ದ, ಅಷ್ಟೇ. ಮೇಡಂ ಅವಳನ್ನು ಬಾಗಿಲ ಹೊರಗೆ ಕರೆದರು. "ಕಾಲು ಇನ್ನೂ ಸ್ವಲ್ಪ ಸುಧಾರಿಸಬಹುದು. ಕತ್ತರಿ ಹಿಡಿಯೋ ಕೈ ಬರುತ್ತೆ ಅಂತ ನಂಬ್ಕೊಂಡು ಕೂರಬೇಡಿ ಅಮ್ಮ."

ಅಂದೇ ಅವಳು ಅರ್ಧ ಕತ್ತರಿಸಿದ ಕೋಟಿನ ಬಟ್ಟೆಯನ್ನು ಮಡಿಸಿ ಗಿರಾಕಿಗೆ ಹಿಂತಿರುಗಿಸಿದಳು. ಒಳಗೆ ಬಂದು, ಮುದುರಿಕೊಂಡ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಅಂಗೈ ತೊಳೆಯುತ್ತ, ಆರು ತಿಂಗಳಿಂದ ನುಂಗಿಕೊಂಡಿದ್ದನ್ನು ಕೇಳಿದಳು.

"ಅವತ್ತು ನನ್ನನ್ನ ಕೂಗಿದ್ರಾ?"

ಅವನು ಅವಳ ಮುಖವನ್ನೇ ನೋಡಿದ. ತುಟಿ ಬಹಳ ಹೊತ್ತು ಒದ್ದಾಡಿತು.

"ನಾಳೆ," ಎಂದ.

ಬೆರಳು ಒರೆಸಿ ಆ ಕೈಯನ್ನು ಅವನ ತೊಡೆಯ ಮೇಲೆ ಇಟ್ಟಳು. ಈಗಲೂ ದಿನಾ ಅದನ್ನೇ ಕೇಳುತ್ತಾಳಂತೆ.

ಇದನ್ನು ನಿಮ್ಮ ಮನೆಮಂದಿಗೆಲ್ಲ ಕಳಿಸಿ. ಆಮೇಲೆ ನೋಡೋಣ ಎನ್ನಬೇಡಿ, ಈಗಲೇ ಕಳಿಸಿ.