ಎರಡು ಮನೆಯ ಕರಾವು

ಮಾರ್ಚ್ ತಿಂಗಳ ಕೊನೆ, ಉರುಗ್ವೆಯಲ್ಲಿ ಬೇಸಿಗೆ ಮುಗಿಯುವ ಕಾಲ. ಬಿಸಿಲಿನ ಕಾವು ಇಳಿದು, ಬೆಳಗಿನ ಹೊತ್ತು ಹುಲ್ಲಿನ ಮೇಲೆ ಇಬ್ಬನಿ ದಪ್ಪಗೆ ಕೂರುತ್ತಿತ್ತು. ನೆಲ್ವಾ ತಮ್ಮ ಕೊಟ್ಟಿಗೆಯ ಕರಾವು ಮುಗಿಸಿ, ಬಕೆಟ್ ಹಿಡಿದು ತಂತಿಬೇಲಿ ದಾಟಿ ನೆರೆಮನೆಯ ಒಡೀಲಿಯೋನ ಕೊಟ್ಟಿಗೆಗೆ ಹೊರಟಿದ್ದಳು. ಗಂಡ ವಿಲ್ಮರ್ ಆಗಲೇ ಅಲ್ಲಿ ಹಸುಗಳನ್ನು ಒಳಗೆ ಹೊಡೆಯುತ್ತಿದ್ದ. ಒಡೀಲಿಯೋನ ಹಸುಗಳಿಗೆ ಇವರ ಕೈ ಹೊಸದು. ಯಂತ್ರದ ಕೊಳವೆ ಹಾಕಿದರೂ ಹಾಲು ಇಳಿಸದೆ ಕತ್ತು ತಿರುಗಿಸಿ ನೋಡುತ್ತಿದ್ದವು.

“ನೋಡ್ತೀಯೇನೇ? ನಿನ್ನ ಯಜಮಾನ ಸಮುದ್ರದಲ್ಲಿ ಬಿದ್ದುಕೊಂಡಿದಾನೆ. ಇವತ್ತು ಸಂಜೆ ಬರ್ತಾನೆ, ಅವನ ಹತ್ರ ಹೇಳ್ಕೋ,” ಎಂದ ವಿಲ್ಮರ್ ಒಂದು ಹಸುವಿಗೆ.

ಅದು ಪ್ರವಾಸದ ವಾರ. ಈಸ್ಟರ್‌ಗೆ ಮುಂಚಿನ ಆ ವಾರ ಉರುಗ್ವೆಯ ಶಾಲೆಗಳಿಗೆಲ್ಲ ರಜೆ. ಜನ ಡೇರೆ, ಗಾಳ, ಮಕ್ಕಳು ಎಲ್ಲವನ್ನೂ ಕಾರಿಗೆ ತುಂಬಿಕೊಂಡು ಹೊಳೆಗೋ ಸಮುದ್ರಕ್ಕೋ ಹೊರಡುತ್ತಾರೆ. ಹಾಲಿನ ಮನೆಯವರು ಮಾತ್ರ ಹೊರಡುವುದಿಲ್ಲ. ಬೆಳಿಗ್ಗೆ ಒಂದು, ಸಂಜೆ ಒಂದು ಕರಾವು ತಪ್ಪಿದರೆ ಕೆಚ್ಚಲು ಬಾತುಕೊಳ್ಳುತ್ತದೆ. ಈ ವರ್ಷ ಎರಡು ಮನೆಯವರೂ ಕೂತು ಒಂದು ಉಪಾಯ ಮಾಡಿದ್ದರು. ಮೊದಲ ಅರ್ಧ ವಾರ ಒಡೀಲಿಯೋ ಮತ್ತು ಅವನ ಹೆಂಡತಿ ಮಾರಿಸೆಲ್ ಮಕ್ಕಳೊಂದಿಗೆ ಹೋಗುವುದು, ಬುಧವಾರ ಸಂಜೆಯಿಂದ ನೆಲ್ವಾಳ ಮನೆಯವರು ಹೋಗುವುದು. ಇರುವವರು ಎರಡೂ ಕೊಟ್ಟಿಗೆ ನೋಡಿಕೊಳ್ಳುವುದು.

ಎಲ್ಲಿಗೆ ಹೋಗುವುದೆಂದು ನೆಲ್ವಾಳ ಮನೆಯಲ್ಲಿ ತಿಂಗಳಿಡೀ ಜಗಳವಾಗಿತ್ತು. ಚಿಕ್ಕವನು ಬ್ರೂನೋಗೆ ಉತ್ತರದ ಬಿಸಿನೀರಿನ ಕೊಳಗಳು ಬೇಕು, ಅಲ್ಲಿ ಜಾರುಬಂಡಿಯಿದೆಯಂತೆ. ವಿಲ್ಮರ್‌ಗೆ ಮೀನು ಹಿಡಿಯುವ ಹೊಳೆ. ದೊಡ್ಡವಳು ಯಮಿಲಾ ಮಾತ್ರ ಒಂದೇ ಹಟ ಹಿಡಿದಳು: ಸಮುದ್ರ. ಅವಳು ಆರನೆಯ ತರಗತಿ, ಊರಿನ ಶಾಲೆಯಲ್ಲಿ ಕೊನೆಯ ವರ್ಷ. ಹಿಂದಿನ ಮೂರು ವರ್ಷವೂ ಅವಳಿಗೆ ಸಮುದ್ರ ತೋರಿಸುತ್ತೇನೆಂದು ನೆಲ್ವಾ ಹೇಳಿದ್ದಳು. ಒಂದು ವರ್ಷ ಹಸು ಕರು ಹಾಕಲು ಕಷ್ಟಪಟ್ಟಿತು, ಒಂದು ವರ್ಷ ಯಂತ್ರ ಕೆಟ್ಟಿತು, ಇನ್ನೊಂದು ವರ್ಷ ಯಾಕೆಂದು ನೆಲ್ವಾಳಿಗೇ ಮರೆತುಹೋಗಿತ್ತು.

“ಈ ಸಲ ನಾಲ್ಕೂ ಜನ ಹೋಗೋದು. ಒಬ್ಬರೂ ಉಳಿಯಲ್ಲ,” ಎಂದು ಅವಳು ಮಗಳಿಗೆ ಮಾತು ಕೊಟ್ಟಿದ್ದಳು.

ಬುಧವಾರ ಮಧ್ಯಾಹ್ನ ಚೀಲಗಳು ಕಾರಿನ ಹಿಂದೆ ಸೇರಿದವು. ಆಗ ಒಡೀಲಿಯೋನ ಫೋನು ಬಂತು.

“ನೆಲ್ವಾ, ಇವತ್ತು ಬರೋಕಾಗ್ತಿಲ್ಲ. ನಾಳೆ ಬರ್ತೀವಿ.”

“ಯಾಕೆ, ಏನಾಯ್ತು? ಮಕ್ಕಳಿಗೆ ಹುಷಾರಿಲ್ವಾ?”

“ಇಲ್ಲ, ಚೆನ್ನಾಗಿದಾರೆ. ನಾಳೆ ಹೇಳ್ತೀನಿ.”

ಫೋನು ಕೆಳಗಿಟ್ಟು ನೆಲ್ವಾ ಗಂಡನ ಮುಖ ನೋಡಿದಳು. “ಮರಳಲ್ಲಿ ಕಾಲು ಹೂತುಹೋಗಿರಬೇಕು ನಿನ್ನ ಸ್ನೇಹಿತನಿಗೆ.”

“ಒಂದು ದಿನ ತಾನೆ?”

“ನಮ್ಮ ದಿನ ಅದು.”

ಯಮಿಲಾ ಕಾರಿನಿಂದ ತನ್ನ ಚೀಲ ಮಾತ್ರ ತಂದು ಹಾಸಿಗೆಯ ಮೇಲಿಟ್ಟುಕೊಂಡಳು.

ಗುರುವಾರ ಫೋನು ಬರಲಿಲ್ಲ, ಇವರು ಮಾಡಿದರೆ ಯಾರೂ ಎತ್ತಲಿಲ್ಲ. ಬ್ರೂನೋ ಬೇಲಿಯ ಕಂಬ ಹತ್ತಿ ಕೂತು ಹೆದ್ದಾರಿ ನೋಡುತ್ತಿದ್ದ. ಎರಡು ಕೊಟ್ಟಿಗೆಯ ಕೆಲಸದಿಂದ ನೆಲ್ವಾಳ ಭುಜ ಹಿಡಿದುಕೊಂಡಿತ್ತು. ಒಡೀಲಿಯೋ ಬಂದಾಗ ಏನೇನು ಅನ್ನಬೇಕೋ ಅದನ್ನೆಲ್ಲ ಅವಳು ಹಸುಗಳ ನಡುವೆ ಓಡಾಡುತ್ತ ಮನಸ್ಸಿನಲ್ಲೇ ಜೋಡಿಸಿಕೊಂಡಳು.

ಶುಕ್ರವಾರ ಮುಸ್ಸಂಜೆ ಅವನು ಬಂದ. ಕಾರಿನಲ್ಲಲ್ಲ. ಬಸ್ಸಿಳಿದು, ಕೈಯಲ್ಲಿ ಒಂದೇ ಚೀಲ ಹಿಡಿದು ಮಣ್ಣಿನ ದಾರಿಯಲ್ಲಿ ನಡೆದು ಬಂದ. ಬಂದವನು ನೇರ ಇವರ ಅಡುಗೆಮನೆಯ ಬಾಗಿಲಲ್ಲಿ ನಿಂತ.

“ಕಾರೆಲ್ಲಿ?” ಎಂದ ವಿಲ್ಮರ್.

“ಅವಳ ಹತ್ರ ಇದೆ.”

“ಅವಳೆಲ್ಲಿ?”

“ಅವಳಕ್ಕನ ಮನೇಲಿ. ಅಲ್ಲೇ ಇರ್ತಾಳಂತೆ. ಮಕ್ಕಳಿಗೆ ಸೋಮವಾರದಿಂದ ಅಲ್ಲೇ ಶಾಲೆ. ಎಲ್ಲ ಮೊದಲೇ ಮಾತಾಡಿಟ್ಟಿದ್ಲು.” ಅವನು ಟೋಪಿ ತೆಗೆದು ಮತ್ತೆ ಹಾಕಿಕೊಂಡ. “ಎರಡು ದಿನ ಬೇಡ್ಕೊಂಡೆ. ಬರಲ್ಲ ಅಂದ್ಲು.”

ನೆಲ್ವಾಳಿಗೆ ಮಾರಿಸೆಲ್ ಹೊರಟ ದಿನ ನೆನಪಾಯಿತು. ಸೆಕೆಯ ದಿನ. ಆದರೂ ಮಕ್ಕಳ ಚಳಿಗಾಲದ ಕೋಟುಗಳನ್ನು ಕಾರಿಗೆ ಹಾಕುತ್ತಿದ್ದಳು. ಕಡಲ ಗಾಳಿಗೆ ಇರಬೇಕು ಎಂದುಕೊಂಡಿದ್ದಳು ನೆಲ್ವಾ. ಜೋಡಿಸಿಟ್ಟುಕೊಂಡ ಮಾತುಗಳನ್ನು ನುಂಗಿಕೊಂಡಳು. ಸೋರೆಬುರುಡೆಗೆ ಬಿಸಿನೀರು ಹಾಕಿ, ಅಲ್ಲಿನವರು ಚಹಾದಂತೆ ದಿನವಿಡೀ ಹೀರುವ ಕಹಿ ಸೊಪ್ಪಿನ ಕಷಾಯ ಅವನ ಕೈಗೆ ಕೊಟ್ಟಳು.

ಅವನು ಒಂದು ಗುಟುಕು ಹೀರಿ ಹೇಳಿದ. “ನಾಳೆ ಬೆಳಿಗ್ಗೆ ನೀವು ಹೊರಡಿ. ಇನ್ನೂ ಎರಡು ದಿನ ಇದೆ. ಎರಡೂ ಕೊಟ್ಟಿಗೆ ನಾನು ನೋಡ್ಕೋತೀನಿ.”

“ಒಬ್ನೇನಾ?” ಎಂದ ವಿಲ್ಮರ್.

“ಮಲಗಿದ್ರೂ ನಿದ್ದೆ ಬರಲ್ಲ. ಕೆಲಸನಾದ್ರೂ ಮಾಡ್ತೀನಿ. ಹೋಗಿ ಮಾರಾಯ, ಮಕ್ಕಳು ಕಾಯ್ತಾ ಇದಾವೆ.”

ಒಳಕೋಣೆಯಲ್ಲಿ ಯಮಿಲಾಳ ಚೀಲದ ಜಿಪ್ ಎಳೆದ ಸದ್ದು ಕೇಳಿಸಿತು.

ಶನಿವಾರ ಬೆಳಿಗ್ಗೆ ಒಡೀಲಿಯೋ ತನ್ನ ಹಸುಗಳ ಕರಾವು ಮುಗಿಸಿ, ನೆಲ್ವಾ ಏಳುವ ಮೊದಲೇ ಇವರ ಕೊಟ್ಟಿಗೆಗೂ ಬಂದಿದ್ದ. ಅವಳು ಬ್ರೆಡ್ಡಿನೊಳಗೆ ಕರಿದ ಮಾಂಸ ಇಟ್ಟು ಬುತ್ತಿ ಕಟ್ಟಿ, ಹೇಳಿ ಹೋಗೋಣವೆಂದು ಅಲ್ಲಿಗೆ ಹೋದಳು. ಕರಾವು ನಡೆಯುತ್ತಿತ್ತು. ಪಲೋಮಾ ಎಂಬ ಹಸುವಿನ ಹಿಂಗಾಲಿಗೆ ಕೆಂಪು ಬಟ್ಟೆ ಕಟ್ಟಿತ್ತು. ಕೆಚ್ಚಲುಬಾವಿಗೆ ಔಷಧಿ ಚುಚ್ಚಿದ ಹಸು ಎಂದು ಅದರ ಅರ್ಥ. ಅದರ ಹಾಲನ್ನು ಬೇರೆ ಬಕೆಟ್ಟಿಗೆ ಕರೆದು ಚೆಲ್ಲಬೇಕು, ಬೆರೆತರೆ ಇಡೀ ತೊಟ್ಟಿಯ ಹಾಲು ಕೆಡುತ್ತದೆ; ಸುತ್ತಲಿನ ಮಕ್ಕಳಿಗೂ ಗೊತ್ತಿರುವ ವಿಷಯ. ಪಲೋಮಾಳ ಕೆಚ್ಚಲಿಂದ ಹೋದ ಕೊಳವೆ ದೊಡ್ಡ ತೊಟ್ಟಿಗೇ ಸೇರಿತ್ತು. ಒಡೀಲಿಯೋ ಆ ಕೆಂಪು ಬಟ್ಟೆಯ ಪಕ್ಕದಲ್ಲೇ ನಿಂತು ಗೋಡೆ ನೋಡುತ್ತಿದ್ದ.

“ಒಡೀಲಿಯೋ,” ಎಂದಳು ಮೆಲ್ಲಗೆ. “ಪಲೋಮಾ.”

ಅವನು ಕೆಳಗೆ ನೋಡಿದ. ಆಮೇಲೆ ಹೋಗಿ ತೊಟ್ಟಿಯ ನಲ್ಲಿ ತಿರುಗಿಸಿದ. ಎರಡು ದಿನದ ಹಾಲು ಬೆಳ್ಳಗೆ ಚರಂಡಿಗೆ ಹರಿಯಿತು. ನಾಯಿಗಳು ಓಡಿ ಬಂದವು. ಇಬ್ಬರೂ ಅವನ್ನು ಓಡಿಸಲಿಲ್ಲ.

ಅಂಗಳದಲ್ಲಿ ವಿಲ್ಮರ್‌ಗೆ ವಿಷಯ ಹೇಳಿದಳು. “ಅವನನ್ನ ಒಬ್ಬನೇ ಬಿಡೋಕಾಗಲ್ಲ. ಹಾಲಿನ ಮಾತಲ್ಲ. ಆ ಮುಖ ನೋಡಿದ್ರೆ ನನಗೆ ಭಯ ಆಗುತ್ತೆ.”

“ಹಾಗಾದ್ರೆ ನಾನು ಉಳೀತೀನಿ.”

“ನನಗೆ ಕಾರು ಬಿಡೋಕೆ ಬರುತ್ತಾ? ನೀನು ಕರ್ಕೊಂಡು ಹೋಗು.”

“ಯಾರೂ ಹೋಗೋದು ಬೇಡ ಬಿಡು, ಮುಂದಿನ ವರ್ಷ...”

“ಆ ಮಾತು ಅವಳ ಎದುರಿಗೆ ಆಡಬೇಡ.”

ಮಕ್ಕಳು ಕಾರಿನ ಹಿಂದಿನ ಸೀಟಿನಲ್ಲಿ ಕೂತಾಗಿತ್ತು. ನೆಲ್ವಾ ಬುತ್ತಿಯನ್ನು ಕಿಟಕಿಯಿಂದ ಕೊಟ್ಟಳು. ಯಮಿಲಾ ತೆಗೆದುಕೊಳ್ಳಲಿಲ್ಲ, ಬ್ರೂನೋ ತೆಗೆದುಕೊಂಡ.

“ನಾಲ್ಕೂ ಜನ ಅಂದಿದ್ದೆ ನೀನು,” ಎಂದಳು ಯಮಿಲಾ.

“ಅಂದಿದ್ದೆ.”

“ಅವರ ಮನೆಯವರು ಹೋದ್ರೆ ನಮಗೇನು?”

ಇದಕ್ಕೆ ಉತ್ತರವಾಗಿ ಹೇಳಬಹುದಾದ ಒಳ್ಳೆಯ ಮಾತುಗಳು ನೆಲ್ವಾಳಿಗೆ ಗೊತ್ತಿದ್ದವು. ಹನ್ನೊಂದು ವರ್ಷದ ಹುಡುಗಿಗೆ ಅವು ಬೇಕಾಗಿರಲಿಲ್ಲ. “ಅಲೆ ದೊಡ್ಡದಿದ್ರೆ ತಮ್ಮನ ಕೈ ಹಿಡ್ಕೋ,” ಎಂದಷ್ಟೇ ಹೇಳಿ ಬಾಗಿಲು ಸರಿಯಾಗಿ ಹಾಕಿದಳು.

ಸಂಜೆಯ ಕರಾವಿನಲ್ಲಿ ಅವಳು ಕೊಳವೆ ಹಾಕುತ್ತಿದ್ದಳು, ಒಡೀಲಿಯೋ ಹಸುಗಳನ್ನು ಒಳಗೆ ಬಿಡುತ್ತಿದ್ದ. ನಡುವೆ ಫೋನು ಬಂತು. ಬ್ರೂನೋ ಕೂಗುತ್ತಿದ್ದುದು ಒಡೀಲಿಯೋಗೂ ಕೇಳಿಸಿತು.

“ಅಮ್ಮಾ, ಕುಡಿದು ನೋಡ್ದೆ. ಉಪ್ಪು.”

“ಅಕ್ಕ ಎಲ್ಲಿ? ಅವಳಿಗೆ ಕೊಡು.”

ಅತ್ತ ಗಾಳಿಯ ಸದ್ದು. “ಅವಳು ದೂರ ಹೋಗಿ ಕೂತಿದಾಳೆ. ಬರಲ್ವಂತೆ,” ಎಂದ ಬ್ರೂನೋ.

ನೆಲ್ವಾ ಫೋನನ್ನು ಜೇಬಿಗೆ ಹಾಕಿ, ಮುಂದಿನ ಹಸುವಿನ ಕೆಚ್ಚಲು ತೊಳೆದಳು.

“ಹಾಲಿನದು ತಿಂಗಳಲ್ಲಿ ತೀರಿಸ್ತೀನಿ,” ಎಂದ ಒಡೀಲಿಯೋ.

“ಹಾಲಿನದು ಯಾರು ಕೇಳಿದ್ರು?”

“ದಿನಗಳದ್ದೂ. ಮುಂದಿನ ವರ್ಷ ಇಡೀ ವಾರ ಹೋಗಿ ನೀವು. ನಾನೆಲ್ಲಿಗೂ ಹೋಗೋದಿಲ್ವಲ್ಲ.”

ಆಯಿತು ಎಂದುಬಿಟ್ಟರೆ ಅವನಿಗೆ ಅಷ್ಟು ಹಗುರಾಗುತ್ತಿತ್ತು. ಅವಳಿಗೆ ಅದು ಗೊತ್ತಿತ್ತು. ಆದರೆ ಎರಡು ದಿನದಿಂದ ನುಂಗಿಕೊಂಡದ್ದು ಅಷ್ಟರಲ್ಲಿ ಮೇಲೆ ಬಂದಿತ್ತು.

“ಮುಂದಿನ ವರ್ಷ ಯಮಿಲಾ ಪಟ್ಟಣದ ಶಾಲೆಗೆ ಹೋಗಿರ್ತಾಳೆ. ಸ್ನೇಹಿತೆಯರು ಇರ್ತಾರೆ. ಅಮ್ಮನ ಜೊತೆ ಸಮುದ್ರಕ್ಕೆ ಬರ್ತಾಳೋ ಇಲ್ವೋ.”

ಅವನು ತಲೆ ತಗ್ಗಿಸಿದ. “ಹಾಗಾದ್ರೆ ಇದು ನನ್ನ ಕೈಯಲ್ಲಿ ತೀರೋದಲ್ಲ.”

“ತೀರಲ್ಲ,” ಎಂದಳು ನೆಲ್ವಾ. ಕೊಳವೆ ಕೈಗೆತ್ತಿಕೊಂಡು, “ರಾತ್ರಿ ಊಟಕ್ಕೆ ನಮ್ಮಲ್ಲೇ ಬಾ. ಈಗ ಆ ಕರಿಯಳನ್ನ ಒಳಗೆ ಬಿಡು,” ಎಂದಳು.