ಪೆಟ್ಟಿಗೆಯಲ್ಲಿ ಇಬ್ಬರು

ಹಲ್ಲು ನೋಡಿ ಸತ್ತವರ ಗುರುತು ಹೇಳುವುದು ಕ್ರಿಸ್ಟಿನ್‌ಳ ರಜಾದಿನದ ಕೆಲಸ. ವಾರವಿಡೀ ಸಿಡ್ನಿಯ ವೆಸ್ಟ್‌ಮೀಡ್‌ನಲ್ಲಿ ದಂತವೈದ್ಯೆ. ಬಿಡುವಾದಾಗ ಪೂರ್ವ ತಿಮೋರ್‌ನ ಹೆಣ ಹೂತ ಗುಂಡಿಗಳಲ್ಲಿ ಸಿಕ್ಕ ದವಡೆಗಳ ಎಕ್ಸ್‌ರೇ ಹಿಡಿದು ಕೂರುತ್ತಾಳೆ. ಬಂಟ್ವಾಳದ ನೆಂಟರು ಇದನ್ನು ಹುಚ್ಚು ಎಂದರು. ಹುಚ್ಚೇ ಇರಬೇಕು. ಇಲ್ಲದಿದ್ದರೆ ಫೋನಿನಲ್ಲಿ ಹೇಳಿ ಮುಗಿಸಬಹುದಾದ ಸುದ್ದಿಗೆ ಶನಿವಾರ ಬೆಳಿಗ್ಗೆ ವಿಮಾನ ಹತ್ತಿ ಮೆಲ್ಬರ್ನ್‌ಗೆ ಯಾರು ಬರುತ್ತಾರೆ?

ಸುದ್ದಿ ಇಷ್ಟು. ಮೆಲ್ಬರ್ನ್ ಹೊರವಲಯದ ಡ್ಯಾಂಡಿನಾಂಗ್‌ನಲ್ಲಿರುವ ದೊಮಿಂಗಾಸ್ ಎಂಬ ತಿಮೋರಿನ ಮುದುಕಿಯ ಮಗ ಅಗುಸ್ತಿನೊ ೧೯೯೯ರ ಗಲಭೆಯಲ್ಲಿ ಕಾಣೆಯಾಗಿದ್ದ. ತಿಮೋರಿಗೆ ಸ್ವಾತಂತ್ರ್ಯ ಬೇಕೆಂದವರ ಕಡೆಯವನು. ಅವನ ದವಡೆ ಸಿಕ್ಕಿತೆಂದು ಹೇಳಿದವಳು ಕ್ರಿಸ್ಟಿನ್ನೇ. ಆದರೆ ಮೊನ್ನೆ ಅದೇ ಗುಂಡಿಯಲ್ಲಿ ಇನ್ನೊಂದು ದವಡೆ ಸಿಕ್ಕಿತು. ಸ್ವಾತಂತ್ರ್ಯ ಬೇಡವೆಂದು ಬಂದೂಕು ಹಿಡಿದ ದಳದ ಹುಡುಗನದು. ಇಬ್ಬರ ಮೂಳೆಗಳೂ ಸವೆದು ಬೆರೆತುಹೋಗಿದ್ದವು, ಬೇರ್ಪಡಿಸುವ ಹಾಗಿರಲಿಲ್ಲ. ಬರುವ ವಾರ ದೊಮಿಂಗಾಸ್ ಊರಿಗೆ ಹೋಗಿ ಮಣ್ಣು ಮಾಡಬೇಕೆಂದಿದ್ದ ಪೆಟ್ಟಿಗೆಯಲ್ಲಿ ಇಬ್ಬರಿದ್ದರು.

ಏರ್‌ಪೋರ್ಟಿಗೆ ಬಂದ ಇಂದ್ರೇಶ್ ದಾವಣಗೆರೆಯವನು. ಎರಡೂ ಕಡೆಯ ಕುಟುಂಬಗಳನ್ನು ಮಾತಿಗೆ ಕೂರಿಸುವ ಸಂಸ್ಥೆಯಲ್ಲಿ ಆರು ವರ್ಷ ಮೈ ಮುರಿದು ದುಡಿದಿದ್ದಾನೆ. ದಾರಿಯುದ್ದಕ್ಕೂ ಅವನದು ಒಂದೇ ರಾಗ.

"ಮೇಡಂ, ಹೇಳ್ಲೇಬೇಕಾ? ಫ್ಯೂನರಲ್‌ಗೆ ಎರಡೂ ಕಡೆಯೋರು ಬರ್ತಾರ್ರೀ, ಇದೇ ಫಸ್ಟ್ ಟೈಮು. ಪೆಟ್ಟಿಗ್ಯಾಗೆ ಶತ್ರುನೂ ಅದಾನೆ ಅಂದ್ರೆ ಟಿಯಾ ಎಲ್ಲಾ ಕ್ಯಾನ್ಸಲ್ ಮಾಡಿಸ್ತಾರೆ." ಟಿಯಾ ಎಂದರೆ ತಿಮೋರಿನವರಲ್ಲಿ ಆಂಟಿ; ದೊಮಿಂಗಾಸ್ ಇಬ್ಬರಿಗೂ ಟಿಯಾ.

"ಇನ್ನೊಬ್ರು ತಾಯಿ ಸಹ ಕಾಯ್ತಾ ಇದ್ದಾರಲ್ಲ ಮಾರಾಯಾ. ಅವರಿಗೆ ನಿನ್ನೆಯೇ ತಿಳಿಸಿ ಆಯ್ತು, ಇವರಿಗೆ ಮುಚ್ಚಿಡುವುದು ಹೇಗೆ?"

ಆರು ವರ್ಷದ ದುಡಿಮೆ ಇವತ್ತಿಗೆ ನೀರಲ್ಲಿ ಹೋಮ ಎಂಬುದು ಮಾತಿನ ಮಲ್ಲ ಇಂದ್ರೇಶನ ಮುಖದಲ್ಲೇ ಕಾಣುತ್ತಿತ್ತು. ಕ್ರಿಸ್ಟಿನ್‌ಗೂ ಒಳಗೊಳಗೇ ಅದೇ ಭಯ.

ಹೇಳಿದಳು. ದೊಮಿಂಗಾಸ್‌ಳ ಅಡುಗೆಮನೆಯಲ್ಲಿ ಕೂತು, ವಿಮಾನದಲ್ಲಿ ಜೋಡಿಸಿಕೊಂಡಿದ್ದ ಮಾತೆಲ್ಲ ಮರೆತುಹೋಗಿ, ತಡವರಿಸುತ್ತಲೇ ಪೂರ್ತಿ ಹೇಳಿದಳು. ದೊಮಿಂಗಾಸ್ ಎದ್ದು ಹೋಗಿ ಒಲೆ ಆರಿಸಿದಳು. ತಿರುಗಿ ನೋಡದೆಯೇ ಕೇಳಿದಳು:

"ಯಾರು ಯಾರನ್ನು ಕೊಂದದ್ದು?"

"ಹಲ್ಲು ಅದನ್ನು ಹೇಳುವುದಿಲ್ಲ, ಟಿಯಾ."

"ಮತ್ತೇನು ಹೇಳುತ್ತದೆ ನಿನ್ನ ಹಲ್ಲು?" ದನಿ ಖಾರವಾಗಿತ್ತು.

"ವಯಸ್ಸು. ಆ ಹುಡುಗನಿಗೆ ಹದಿನೇಳೋ ಹದಿನೆಂಟೋ. ಬುದ್ಧಿಹಲ್ಲು ಇನ್ನೂ ಬಂದಿರಲಿಲ್ಲ."

ಮುದುಕಿ ಈಗ ಇವರ ಕಡೆ ತಿರುಗಿದಳು.

"ನನ್ನವನಿಗಿಂತ ಚಿಕ್ಕವನು," ಎಂದಳು. "ಅವನ ತಾಯಿಗೆ ಗೊತ್ತೇ?"

ನಿನ್ನೆ ತಿಳಿಸಿದ್ದೇವೆ ಎಂದ ಇಂದ್ರೇಶ್. ಹೆಸರು ರೋಸಾ. ಗಲಭೆಯ ಹೊತ್ತಿಗೆ ಗಡಿ ದಾಟಿ ಪಕ್ಕದ ದೇಶಕ್ಕೆ ಓಡಿದವಳು ಮತ್ತೆ ಊರಿಗೆ ಕಾಲಿಟ್ಟಿಲ್ಲ. ಮಗನನ್ನು ನೋಡಬೇಕೆಂದು ಅಳುತ್ತಾಳೆ, ಊರವರು ಬಿಟ್ಟಾರೆಯೇ ಎಂದು ಹೆದರುತ್ತಾಳೆ.

"ಟಿಕೆಟ್ ಮುಂದೆ ಹಾಕು," ಎಂದಳು ದೊಮಿಂಗಾಸ್. "ಅವಳಿಗೆ ಫೋನ್ ಹಚ್ಚಿ ಕೊಡು."

ಇಪ್ಪತ್ತಾರು ವರ್ಷ ಮಗನ ದಾರಿ ಕಾದವಳು, ಅವನು ಕೈಗೆ ಸಿಗುವ ಹೊತ್ತಿಗೆ ಶತ್ರುವಿನ ತಾಯಿಗಾಗಿ ಇನ್ನಷ್ಟು ಕಾಯಲು ತಯಾರಾಗಿದ್ದಳು. ಎಂಥ ಹೆಂಗಸು! ಕ್ರಿಸ್ಟಿನ್‌ಗೆ ಅವಳ ಕಾಲು ಮುಟ್ಟಬೇಕೆನಿಸಿತು. ತನ್ನ ಮನೆಯಲ್ಲಿ ಇಲ್ಲದ ಪದ್ಧತಿಯಾದರೂ ಅನಿಸಿತು.

ಆ ಕಡೆ ಯಾರೋ ಫೋನ್ ಎತ್ತಿದರು. ದೊಮಿಂಗಾಸ್ ತನ್ನ ಭಾಷೆಯಲ್ಲಿ ಮಾತಾಡತೊಡಗಿದಳು. ಇಂದ್ರೇಶ್ ಕ್ರಿಸ್ಟಿನ್‌ಳ ಕಿವಿಯಲ್ಲಿ ಪಿಸುಪಿಸು ಕನ್ನಡ ಮಾಡುತ್ತಾ ಹೋದ; ಆರು ವರ್ಷದಲ್ಲಿ ಆ ಭಾಷೆ ಅವನಿಗೆ ಒಲಿದಿತ್ತು.

"'ರೋಸಾ, ನಿನ್ನ ಮಗ ನನ್ನ ಮಗನ ಜೊತೆಗೇ ಅದಾನೆ. ನೀನು ಬರೋತನಕ ಪೆಟ್ಟಿಗೆ ಮುಚ್ಚಲ್ಲ' ಅಂತಿದಾರೆ ಮೇಡಂ... 'ಹೆದರ್ಬ್ಯಾಡ. ಗಡಿಯಾಗೆ ಯಾರಾದ್ರೂ ತಡೆದ್ರೆ, ದೊಮಿಂಗಾಸ್ ಮನ್ಯಾಗೆ ಸಾವಾಗೇತಿ, ನಾನು ಅವರ ಮನೆಯೋಳು ಅಂತ ಹೇಳು.'"